ಒಂದೇ ಮೈ, ಎರಡು ಔಷಧ ಚೀಟಿ

2002ರಲ್ಲಿ, ಗಡಿಯಲ್ಲಿ ಸೇನೆ ಜಮಾಯಿಸಿದ್ದ ‘ಆಪರೇಷನ್ ಪರಾಕ್ರಮ’ದ ವೇಳೆ ಜಮ್ಮು ಗಡಿಯಲ್ಲಿದ್ದ ವಾಯುಪಡೆಯ ಯೋಧರೊಬ್ಬರು ಕಾಯಿಲೆ ಬಿದ್ದರು. ಸಾಂಬಾದ ಸೇನಾ ಆಸ್ಪತ್ರೆಯಲ್ಲಿ ಅವರಿಗೆ ರಕ್ತ ಕೊಟ್ಟರು. ಎಚ್‌ಐವಿ ಸೋಂಕು ಪತ್ತೆಯಾದದ್ದು 2014ರಲ್ಲಿ. 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸೇನೆ ಮತ್ತು ವಾಯುಪಡೆ ಎರಡನ್ನೂ ಹೊಣೆಯಾಗಿಸಿ, ಸುಮಾರು 1.54 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಸೋಂಕು ಯಾವ ದಾರಿಯಿಂದಲೇ ಬಂದಿರಲಿ, ಬಂದವರು ಮುಂದಿನ ಮೂವತ್ತು ವರ್ಷ ಆರೋಗ್ಯವಾಗಿ ಬಾಳುವುದು ಹೇಗೆ ಎಂಬುದೇ ವೈದ್ಯಕೀಯದ ಮುಂದಿರುವ ಪ್ರಶ್ನೆ.

ಸೂಲೂರಿನ ವಾಯುನೆಲೆ, ನೌಕಾಪಡೆಯ ಐಎನ್‌ಎಸ್ ಅಗ್ರಣಿ ಇರುವ ಕೊಯಮತ್ತೂರು ಸೀಮೆಯನ್ನೇ ನೋಡೋಣ. ನಲವತ್ತೆಂಟರ ನಿವೃತ್ತ ಹವಾಲ್ದಾರರೊಬ್ಬರು ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿ ಎಂದುಕೊಳ್ಳಿ. ಎಚ್‌ಐವಿ ಮಾತ್ರೆಗೆ ಅವರು ಸರ್ಕಾರಿ ಆಸ್ಪತ್ರೆಯ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರಕ್ಕೆ ಹೋಗುತ್ತಾರೆ. ಸಕ್ಕರೆ ಕಾಯಿಲೆ, ಮಂಡಿನೋವಿಗೆ ಹೋಗುವುದು ಮಾಜಿ ಸೈನಿಕರಿಗಾಗಿ 2003ರಲ್ಲಿ ಶುರುವಾದ ಇಸಿಎಚ್‌ಎಸ್ ಯೋಜನೆಯ ಪಾಲಿಕ್ಲಿನಿಕ್‌ಗೆ. ಅಲ್ಲಿ ಎಚ್‌ಐವಿ ವಿಷಯ ಬಾಯಿಬಿಡಲು ಅವರಿಗೆ ಸಂಕೋಚ.

ತೊಂದರೆ ಹುಟ್ಟುವುದು ಇಲ್ಲೇ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದಡಿ ಉಚಿತವಾಗಿ ಸಿಗುವ ಮಾತ್ರೆಯಲ್ಲಿ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಇವೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮೂತ್ರದಲ್ಲಿ ಹೊರಹೋಗುವ ದಾರಿಗೆ ಡೊಲುಟೆಗ್ರಾವಿರ್ ಅಡ್ಡಗಾಲು ಹಾಕುತ್ತದೆ, ರಕ್ತದಲ್ಲಿ ಮೆಟ್‌ಫಾರ್ಮಿನ್ ಮಟ್ಟ ಏರುತ್ತದೆ. ಹಾಗಾಗಿ ದಿನಕ್ಕೆ 1000 ಮಿಲಿಗ್ರಾಂ ದಾಟದಂತೆ ನೋಡಿಕೊಳ್ಳುವುದು ರೂಢಿ. ಎದೆಯುರಿಗೆ ಅಂಗಡಿಯಿಂದ ತಂದು ಕುಡಿಯುವ ಆಂಟಾಸಿಡ್‌ನಲ್ಲಿರುವ ಅಲ್ಯುಮಿನಿಯಂ, ಮೆಗ್ನೀಸಿಯಂ ಹೊಟ್ಟೆಯಲ್ಲೇ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಅದು ಮೈಗೆ ಹತ್ತದಂತೆ ಮಾಡುತ್ತವೆ. ಎಚ್‌ಐವಿ ಮಾತ್ರೆಯನ್ನು ಆಂಟಾಸಿಡ್‌ಗಿಂತ 2 ಗಂಟೆ ಮೊದಲು ಇಲ್ಲವೇ 6 ಗಂಟೆ ನಂತರ ನುಂಗಬೇಕು. ಇನ್ನು ಪರೇಡು, ಬೆಟ್ಟಗುಡ್ಡಗಳಲ್ಲಿ ಸವೆದ ಮಂಡಿಗೆ ತಿಂಗಳುಗಟ್ಟಲೆ ಡೈಕ್ಲೋಫಿನಾಕ್ ನುಂಗಿದರೆ, ಟೆನೊಫೊವಿರ್ ಜೊತೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟು. ಎರಡೂ ಕಡೆಯ ವೈದ್ಯರು ತಂತಮ್ಮ ಮಟ್ಟಿಗೆ ಸರಿಯಾಗಿಯೇ ಬರೆದಿರುತ್ತಾರೆ!

ಮಾತ್ರೆ ತಪ್ಪಿಸದಿದ್ದರೆ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿಯುತ್ತದೆ. ಹಾಗೆ ಇಳಿದೇ ಇರುವವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ. ಈ ಮಾತು ಪ್ರತಿ ಮನೆಗೂ ಮುಟ್ಟಬೇಕು. ಆದರೆ ಸೋಂಕಿನ ಮೊದಲ ವಾರಗಳಲ್ಲೇ ಕರುಳಿನ ಒಳಪದರದ ಸಿಡಿ4 ಎಂಬ ರೋಗನಿರೋಧಕ ಕಣಗಳು ಅಪಾರವಾಗಿ ಸತ್ತಿರುತ್ತವೆ. ಅಲ್ಲಿನ ತಡೆ ಪೂರ್ತಿ ದುರಸ್ತಿಯಾಗದೆ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಜಿನುಗುತ್ತವೆ. ರೋಗನಿರೋಧಕ ವ್ಯವಸ್ಥೆ ಬೂದಿ ಮುಚ್ಚಿದ ಕೆಂಡದಂತೆ ಒಳಗೊಳಗೇ ಕಾಯುತ್ತಿರುತ್ತದೆ, ರಕ್ತನಾಳಗಳು ಬೇಗ ಹಾಳಾಗುತ್ತವೆ. ಅಮೆರಿಕದಲ್ಲಿ 82,459 ಮಾಜಿ ಸೈನಿಕರನ್ನು ಗಮನಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎಚ್‌ಐವಿ ಇರುವವರಲ್ಲಿ ಹೃದಯಾಘಾತದ ಅಪಾಯ ಸುಮಾರು ಶೇ 50ರಷ್ಟು ಹೆಚ್ಚು. ಎಚ್‌ಐವಿ ಇರುವವರಲ್ಲಿ ನಡೆದ, ಭಾರತವೂ ಭಾಗಿಯಾಗಿದ್ದ ‘ರಿಪ್ರೀವ್’ ಪ್ರಯೋಗ 2023ರಲ್ಲಿ ಸಮಾಧಾನದ ಸುದ್ದಿ ಕೊಟ್ಟಿತು: ಕೊಲೆಸ್ಟರಾಲ್ ಇಳಿಸುವ ಪಿಟವಾಸ್ಟಾಟಿನ್ ಮಾತ್ರೆ ದಿನಕ್ಕೊಂದರಿಂದ ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು ಶೇ 35ರಷ್ಟು ಕಡಿಮೆಯಾದವು. ಆದರೆ ಹೃದಯ ನೋಡುವವರಿಗೆ ಎಚ್‌ಐವಿ ಇರುವುದೇ ಗೊತ್ತಿಲ್ಲದಿದ್ದರೆ, ಈ ಮಾತ್ರೆ ಬರೆಯಬೇಕೆಂದು ಅವರಿಗೆ ಹೊಳೆಯುವುದಾದರೂ ಹೇಗೆ?

ಬೀಡಿ, ಕ್ಯಾಂಟೀನ್ ಕೋಟಾದ ಮದ್ಯ, ನಿದ್ದೆ ಇಲ್ಲದ ರಾತ್ರಿಗಳು, ಹೆಂಡತಿಗೂ ಹೇಳಿಕೊಳ್ಳಲಾಗದ ಭಯ ಇವೆಲ್ಲ ಚಿಕಿತ್ಸೆಯೊಳಗಿನ ವಿಷಯಗಳೇ. ಮನಸ್ಸು ಕುಸಿದಾಗ ಮೊದಲು ತಪ್ಪುವುದು ಮಾತ್ರೆ. ಪಾಳಿ ಬದಲಾದಾಗಲೂ ಅದೇ ಗತಿ. ಆಪ್ತಸಮಾಲೋಚಕರು ಗದರಿಸದೆ ಕೇಳಿದರೆ, ಕೆಲಸದ ವೇಳೆಗೆ ಹೊಂದುವ ಹೊತ್ತನ್ನು ಮಾತ್ರೆಗೆ ಗೊತ್ತುಮಾಡಬಹುದು.

2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆ ರೋಗಿಯ ಗುಟ್ಟನ್ನು ಕಾಪಾಡುತ್ತದೆ. ಚಿಕಿತ್ಸೆಗೆ ಅಗತ್ಯವಿದ್ದಾಗ ಒಬ್ಬ ವೈದ್ಯರು ಅದೇ ರೋಗಿಯನ್ನು ನೋಡುವ ಇನ್ನೊಬ್ಬ ವೈದ್ಯರಿಗೆ ತಿಳಿಸಲು ಅವಕಾಶವನ್ನೂ ಕೊಡುತ್ತದೆ. ಹೀಗಿರುವಾಗ ಎಆರ್‌ಟಿ ಕೇಂದ್ರವೂ ಪಾಲಿಕ್ಲಿನಿಕ್ಕೂ ರೋಗಿಗೆ ವಿವರಿಸಿ, ಒಪ್ಪಿಸಿ, ಎಲ್ಲ ಔಷಧಗಳನ್ನೂ ಒಂದೇ ಹಾಳೆಯಲ್ಲಿ ಬರೆಯಬೇಕು. ಮೂತ್ರಪಿಂಡದ ಸ್ಥಿತಿ ತೋರುವ ಕ್ರಿಯಾಟಿನಿನ್, ಸಕ್ಕರೆ, ಕೊಲೆಸ್ಟರಾಲ್, ವೈರಲ್ ಲೋಡ್ ವರದಿಗಳ ಪ್ರತಿ ಎರಡೂ ಕಡೆ ಸೇರಬೇಕು. ಇದಕ್ಕೆ ಹೊಸ ಯಂತ್ರವೂ ಬೇಡ, ಹೊಸ ಕಟ್ಟಡವೂ ಬೇಡ.