ಮನದ ಭಾರವನ್ನು ಇಳಿಸುವ ಬಗೆ



ಶ್ರೀಮಠದ ಕಚೇರಿಗೆ ಬರುವವರೆಲ್ಲರೂ ಪೂಜೆ, ದಾಸೋಹಗಳ ವಿಚಾರಕ್ಕಾಗಿಯೇ ಬರುವುದಿಲ್ಲ. ಕೆಲವರು ರಸೀದಿ ಪಡೆದ ಮೇಲೂ ಏಳದೆ ಕುಳಿತಿರುತ್ತಾರೆ. ಸ್ವಲ್ಪ ಹೊತ್ತಿನ ನಂತರ, “ರಾತ್ರಿ ನಿದ್ದೆಯೇ ಹತ್ತುವುದಿಲ್ಲ ಸ್ವಾಮಿ, ಬುದ್ಧಿಯವರ ಕೈಯಿಂದ ಒಂದಿಷ್ಟು ವಿಭೂತಿ ಕೊಡಿಸಿ” ಎನ್ನುತ್ತಾರೆ. ವಿಚಾರಿಸುತ್ತ ಹೋದಂತೆ ನಿದ್ದೆಗೆಟ್ಟ ಕಾರಣ ಹೊರಬರುತ್ತದೆ. ಕುದೂರು ಹೋಬಳಿಯ ಹಳ್ಳಿಗಳಲ್ಲಿ ಆ ಕಾರಣಗಳು ಬಹುಮಟ್ಟಿಗೆ ಒಂದೇ ತೆರನಾಗಿವೆ: ಬತ್ತಿದ ಕೊಳವೆಬಾವಿ, ಇಳಿದ ರೇಷ್ಮೆಗೂಡಿನ ಧಾರಣೆ, ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ, ಕಂಕಣಬಲ ಕೂಡಿಬಾರದ ಮಗ, ಬೆಂಗಳೂರಿಗೆ ದುಡಿಯಲು ಹೋಗಿ ಫೋನು ಮಾಡುವುದನ್ನೇ ಬಿಟ್ಟ ಮಗಳು.

ಕೆಲವು ವರ್ಷಗಳ ಹಿಂದೆ ಹೀಗೆಯೇ ಒಬ್ಬ ರೈತರು ನನ್ನೆದುರು ಕುಳಿತು ಸಾಲದ ಮಾತೆತ್ತಿದರು. ಅವರು ಮುಗಿಸುವ ಮೊದಲೇ ನಾನು, “ಕಷ್ಟ ಯಾರಿಗಿಲ್ಲ ಯಜಮಾನರೇ? ನಿಮಗಿಂತ ಹೆಚ್ಚಿನ ಸಾಲ ಹೊತ್ತವರು ಬದುಕುತ್ತಿಲ್ಲವೇ? ಧೈರ್ಯ ತಂದುಕೊಳ್ಳಿ” ಎಂದು ಉಪದೇಶಿಸಿ ಪ್ರಸಾದಕ್ಕೆ ಕಳುಹಿಸಿದೆ. ಆ ವಾರದಲ್ಲಿಯೇ ಅವರು ಪ್ರಾಣ ಕಳೆದುಕೊಳ್ಳಲು ಯತ್ನಿಸಿದರು. ಮನೆಯವರು ಸಕಾಲಕ್ಕೆ ಕಂಡದ್ದರಿಂದ ಉಳಿದರು. ನೋಡಲು ಹೋದಾಗ ಅವರು ಹೇಳಿದ್ದಿಷ್ಟೆ: “ಅಂದು ನಿಮಗೆ ಹೇಳಬೇಕೆಂದೇ ಬಂದಿದ್ದೆ.” ನಾನು ಆಡಿದ್ದು ಒಳ್ಳೆಯ ಮಾತೇ ಆಗಿದ್ದರೂ ಅದು ಅವರ ಬಾಯಿ ಕಟ್ಟಿತ್ತು. ಅಂದಿನಿಂದ ಆಪ್ತಸಲಹೆಯ ಕ್ರಮವನ್ನು ಕುರಿತು ಓದಿ, ಬಲ್ಲವರಿಂದ ಕೇಳಿ ತಿಳಿದುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಈ ವಿಷಯದಲ್ಲಿ ನಮ್ಮ ನಾಡು ಹಿಂದೆ ಬಿದ್ದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1974ರಲ್ಲಿ ಈಗಿನ ರೂಪ ಪಡೆಯಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವು, ತಕ್ಕ ತರಬೇತಿ ದೊರೆತರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಕಾರ್ಯಕರ್ತರೂ ಮನೋರೋಗಿಗಳ ಆರೈಕೆ ಮಾಡಬಲ್ಲರೆಂಬುದನ್ನು ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ನಮ್ಮ ನೆರೆಯ ಚನ್ನಪಟ್ಟಣದ ಹೆಸರನ್ನು ತಮ್ಮ ಹೆಸರಿನಲ್ಲಿಯೇ ಹೊತ್ತ ಡಾ. ಸಿ. ಆರ್. ಚಂದ್ರಶೇಖರ್ ಅವರು ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದು, ಮನಸ್ಸಿನ ಆರೋಗ್ಯ ಕುರಿತು ಕನ್ನಡದಲ್ಲಿ ನೂರಕ್ಕೂ ಹೆಚ್ಚು ಪುಸ್ತಕಗಳನ್ನು ಬರೆದರು. ಬೆಂಗಳೂರಿನಲ್ಲಿ ‘ಸಮಾಧಾನ’ ಎಂಬ ಕೇಂದ್ರದ ಮೂಲಕ ಜನಸಾಮಾನ್ಯರಿಗೆ ಆಪ್ತಸಲಹೆ ದೊರೆಯುವಂತೆ ಮಾಡಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಆಪ್ತಸಲಹೆಯ ಮೊದಲ ಪಾಠ ಸಲಹೆ ಕೊಡುವುದಲ್ಲ, ಕೇಳಿಸಿಕೊಳ್ಳುವುದು. ದುಃಖಿತರಾದವರು ಮಾತನಾಡುವಾಗ ನಡುವೆ ಬಾಯಿ ಹಾಕಬಾರದು; ಇನ್ನೊಬ್ಬರೊಡನೆ ಹೋಲಿಸಬಾರದು; “ಅಳಬೇಡ” ಎನ್ನಬಾರದು. “ಇದು ನಿಮಗೆ ಬಹಳ ನೋವು ಕೊಟ್ಟಿದೆ” ಎಂಬ ಒಂದು ಮಾತು ಎಷ್ಟೋ ಉಪದೇಶಕ್ಕೆ ಸಮ. ಕೇಳಿದ್ದನ್ನು ಊರಿನ ಕಟ್ಟೆಯ ಮೇಲೆ ಹೇಳದಿರುವುದೂ ಈ ಪಾಠದಲ್ಲಿಯೇ ಸೇರಿದೆ. ಗುಟ್ಟು ರಟ್ಟಾಗುವ ಊರಿನಲ್ಲಿ ಯಾರೂ ಮನಸ್ಸು ಬಿಚ್ಚುವುದಿಲ್ಲ.

ಎರಡನೆಯದು, ಕಷ್ಟವನ್ನು ಬಿಡಿಸಿ ನೋಡುವುದು. ಮಳೆ, ಧಾರಣೆ, ಪರರ ನಾಲಗೆ ನಮ್ಮ ಅಧೀನದಲ್ಲಿಲ್ಲ. ಬ್ಯಾಂಕಿಗೆ ಹೋಗಿ ಕಂತಿನ ವಿಚಾರ ಮಾತನಾಡುವುದು, ಪಾಲಿನ ವಿಷಯವನ್ನು ಹಿರಿಯರ ಮುಂದಿಡುವುದು ನಮ್ಮ ಕೈಯಲ್ಲಿದೆ. ಮನಸ್ಸು ಇವೆರಡನ್ನೂ ಒಂದೇ ಗಂಟಾಗಿ ಕಟ್ಟಿಕೊಂಡಾಗ ಭಾರ ಹೊರಲಾರದಷ್ಟಾಗುತ್ತದೆ. ಒಂದು ಹಾಳೆಯ ಮೇಲೆ ಬೇರೆ ಬೇರೆಯಾಗಿ ಬರೆದು, ನಾಳೆ ಮಾಡಬಹುದಾದ ಒಂದು ಕೆಲಸವನ್ನು ಮಾತ್ರ ಆರಿಸಿಕೊಳ್ಳಬೇಕು.

ಮೂರನೆಯದು, ದಿನಚರಿ ಮುರಿಯದಿರುವುದು. ಹೊತ್ತಿಗೆ ಸರಿಯಾದ ಊಟ, ನಿದ್ದೆ, ಬೆಳಗಿನ ನಡಿಗೆ, ಪೂಜೆ, ಕೈಲಾದಷ್ಟು ಕಾಯಕ, ಇವು ಮನಸ್ಸನ್ನು ಹಿಡಿದು ನಿಲ್ಲಿಸುವ ಊರುಗೋಲುಗಳು. ಚಿಂತೆ ಮರೆಯಲೆಂದು ಕುಡಿದರೆ ನಿದ್ದೆ ಬಂದಂತೆ ಕಂಡರೂ ನಡುರಾತ್ರಿ ಎಚ್ಚರವಾಗುತ್ತದೆ. ಮರುದಿನದ ಖಿನ್ನತೆ ಹೆಚ್ಚುತ್ತದೆ.

ಇಷ್ಟು ಮಾಡಿದರೆ ದಿನನಿತ್ಯದ ತಳಮಳ ಬಹುಪಾಲು ತಗ್ಗುತ್ತದೆ. ಆದರೆ ಎಲ್ಲ ದುಃಖವೂ ದಿನನಿತ್ಯದ ದುಃಖವಲ್ಲ. ಎರಡು ವಾರಗಳಿಗೂ ಮೀರಿ ಬೇಸರ ಬಿಡದಿದ್ದರೆ, ಹಿಂದೆ ಇಷ್ಟವಾಗಿದ್ದ ಯಾವುದರಲ್ಲಿಯೂ ಆಸಕ್ತಿ ಉಳಿಯದಿದ್ದರೆ, ಹಸಿವು ನಿದ್ದೆ ಕೆಟ್ಟರೆ, ‘ನಾನು ಯಾರಿಗೂ ಬೇಡ’ ಎಂಬ ಮಾತು ಬಂದರೆ ಅದು ಖಿನ್ನತೆಯ ಕಾಯಿಲೆಯಾಗಿರಬಹುದು. ಅನೇಕರು, ವಿಶೇಷವಾಗಿ ತಾಯಂದಿರು, ದುಃಖವೆಂದು ಹೇಳದೆ ತಲೆನೋವು, ಮೈಕೈ ನೋವು, ಎದೆ ಭಾರ ಎಂದೇ ಹೇಳುತ್ತಾರೆ. ಅಂಥವರಿಗೆ ಉಪದೇಶಕ್ಕಿಂತ ವೈದ್ಯರು ಬೇಕು. ಮನೋವೈದ್ಯರು ಕೊಡುವ ಖಿನ್ನತೆಯ ಮಾತ್ರೆ ಪರಿಣಾಮ ತೋರಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ‘ಗುಣ ಕಾಣಲಿಲ್ಲ’ ಎಂದು ವಾರಕ್ಕೇ ಬಿಡುವುದಾಗಲಿ, ‘ಗುಣವಾಯಿತು’ ಎಂದು ತಾವೇ ನಿಲ್ಲಿಸುವುದಾಗಲಿ ಸಲ್ಲದು.

ಸಾವಿನ ಮಾತು ಸುಳಿದರೆ ನೇರವಾಗಿಯೇ ಕೇಳಬೇಕು: “ಬದುಕು ಸಾಕೆಂದು ಅನ್ನಿಸುತ್ತಿದೆಯೇ?” ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬುದು ತಪ್ಪು ತಿಳಿವಳಿಕೆ, ಕೇಳಿದಾಗ ಅವರಿಗೆ ಹಗುರವೇ ಆಗುತ್ತದೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ, ಮನೆಯಲ್ಲಿರುವ ಕೀಟನಾಶಕವನ್ನು ಕೈಗೆಟುಕದಂತೆ ಇರಿಸಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಪೊಲೀಸ್ ಕೇಸಿನ ಭಯದಿಂದ ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಮಿನಂತೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ.

‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆಯನ್ನು ಆರೋಗ್ಯ ಇಲಾಖೆ ರೂಪಿಸಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಮನೆಯ ಗೋಡೆಯ ಮೇಲೆ ಬರೆದಿಡಿ.

ಹನ್ನೆರಡನೆಯ ಶತಮಾನದ ಅನುಭವ ಮಂಟಪದಲ್ಲಿ ಶರಣ ಶರಣೆಯರು ತಮ್ಮ ಅಂತರಂಗವನ್ನು ಹತ್ತು ಜನರ ನಡುವೆ ನಿಸ್ಸಂಕೋಚವಾಗಿ ತೆರೆದಿಟ್ಟರು. ಕಾಯಕ ಯಾವುದೇ ಇರಲಿ, ಅಲ್ಲಿ ಎಲ್ಲರ ಮಾತಿಗೂ ಕಿವಿಯಿತ್ತು. ಆ ಪರಂಪರೆಯ ನಾವು ನಮ್ಮ ಮನೆಯ ಜಗಲಿಯಲ್ಲಿ ಒಬ್ಬರ ಮಾತಿಗೆ ಅರ್ಧ ಗಂಟೆ ಕಿವಿಗೊಡಲಾರೆವೇ?

ವಿಭೂತಿ ಬೇಡಿ ಬರುವವರಿಗೆ ಇಂದಿಗೂ ವಿಭೂತಿ ಕೊಡಿಸುತ್ತೇನೆ. ಅದು ಅವರ ನಂಬಿಕೆ, ನನ್ನದೂ ಹೌದು. ಅದರೊಡನೆ ಕುರ್ಚಿ ತೋರಿಸಿ, “ಕುಳಿತುಕೊಳ್ಳಿ, ಅವಸರವಿಲ್ಲ, ಹೇಳಿ” ಎನ್ನುತ್ತೇನೆ. ಅಗತ್ಯವೆನಿಸಿದರೆ ಆಸ್ಪತ್ರೆಯ ದಾರಿಯನ್ನೂ ತೋರಿಸುತ್ತೇನೆ. ಅಂದು ಉಳಿದ ಆ ರೈತರು ಈಗ ದಾಸೋಹದ ಸೇವೆಗೆ ಬರುತ್ತಾರೆ. ಪಂಕ್ತಿಯಲ್ಲಿ ಯಾರಾದರೂ ತುತ್ತು ಎತ್ತದೆ ಸುಮ್ಮನೆ ಕುಳಿತಿದ್ದರೆ, ಅವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳುವವರಲ್ಲಿ ಅವರೇ ಮೊದಲಿಗರು.