ನದಿ ಅತ್ತ, ಹೆಸರು ಇತ್ತ

‘ಇಂಡಿಯಾ’ ಎಂಬ ಹೆಸರಿನ ಮೂಲ ಒಂದು ನದಿ. ಸಂಸ್ಕೃತದ ‘ಸಿಂಧು’ ಪ್ರಾಚೀನ ಪರ್ಷಿಯನ್ನರ ನಾಲಗೆಯಲ್ಲಿ ‘ಹಿಂದು’ ಆಯಿತು. ಹಕಾರ ಕಳೆದುಕೊಂಡು ಗ್ರೀಕರಲ್ಲಿ ‘ಇಂಡೋಸ್’ ಎನಿಸಿತು. ಪರ್ಷಿಯಾದ ದೊರೆ ಒಂದನೇ ಡೇರಿಯಸ್‌ನ ಶಾಸನಗಳಲ್ಲಿ ಅದು ಮತವೊಂದರ ಹೆಸರಲ್ಲ. ಸಿಂಧೂ ತೀರದ ಪ್ರಾಂತ್ಯದ ಹೆಸರು. ಮುಂದೆ ಗ್ರೀಕ್ ರಾಯಭಾರಿ ಮೆಗಾಸ್ತನೀಸನ ಬರಹದಲ್ಲಿ ಗಂಗೆಯ ಬಯಲೂ ‘ಇಂಡಿಯಾ’ದೊಳಗೆ ಸೇರಿತು. ಬ್ರಿಟಿಷರ ಆಳ್ವಿಕೆಯಲ್ಲಿ, 1937ರವರೆಗೆ, ಬರ್ಮಾ ಕೂಡ ಅದರ ಭಾಗವಾಗಿತ್ತು.

1947ರ ವಿಭಜನೆಯಲ್ಲಿ ಸಿಂಧೂ ನದಿಯ ಬಹುಭಾಗ ಪಾಕಿಸ್ತಾನಕ್ಕೆ ಸೇರಿತು, ಹೆಸರು ಇಲ್ಲಿಯೇ ಉಳಿಯಿತು. ಇದಕ್ಕೆ ಜಿನ್ನಾ ಆಕ್ಷೇಪಿಸಿದ್ದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 1ನೇ ವಿಧಿ ‘ಇಂಡಿಯಾ’, ‘ಭಾರತ’ ಎರಡನ್ನೂ ಮಾನ್ಯ ಮಾಡಿತು. 2023ರ ಜಿ-20 ಶೃಂಗಸಭೆಯ ಔತಣಕೂಟದ ಇಂಗ್ಲಿಷ್ ಆಹ್ವಾನಪತ್ರಿಕೆಯಲ್ಲಿ ‘ಭಾರತ’ ಎಂದಷ್ಟೇ ಮುದ್ರಿತವಾದಾಗ ವಿವಾದವೆದ್ದಿತು. ಆದರೆ ಎರಡರಲ್ಲಿ ಒಂದನ್ನು ಕೈಬಿಡಬೇಕಾದರೆ ಆಹ್ವಾನಪತ್ರಿಕೆ ಸಾಲದು, ಸಂವಿಧಾನದ ತಿದ್ದುಪಡಿಯೇ ಆಗಬೇಕು.