ಓದಿದ್ದನ್ನು ನಿಮ್ಮ ಮಾತಿನಲ್ಲಿ ಬರೆಯೋದು ಹೇಗೆ? ಬಿದರಿಯಿಂದ ಒಂದು ಪಾಠ

ಇವತ್ತಿನ ವಿಷಯ: ಒಂದು ಬರಹವನ್ನು ಓದಿ, ಅದನ್ನ ನಮ್ಮದೇ ವಾಕ್ಯದಲ್ಲಿ ಹೇಳೋದು, ಆಮೇಲೆ ಅದರ ಸಾರಾಂಶ ಬರೆಯೋದು.

ಇದು ಯಾಕೆ ಬೇಕು? ಪಿಎಸ್‌ಐ ಲಿಖಿತ ಪರೀಕ್ಷೆಯ ಮೊದಲ ಪತ್ರಿಕೆ 50 ಅಂಕದ್ದು. ಅದರಲ್ಲಿ ಪ್ರಬಂಧ, ಸಾರಾಂಶ, ಭಾಷಾಂತರ ಇರುತ್ತೆ. ಸರಿಯಾದ ಉತ್ತರಕ್ಕೆ ಗುರುತು ಹಾಕಿ ಬರೋ ಪತ್ರಿಕೆ ಅಲ್ಲ ಅದು. ಗೈಡ್ ಬಾಯಿಪಾಠ ಮಾಡಿದವರು ಸಿಕ್ಕಿಬೀಳೋದು ಇಲ್ಲೇ. ಕೊಟ್ಟ ಪ್ಯಾರಾ ಯಾವ ಗೈಡ್‌ನಲ್ಲೂ ಇರೋದಿಲ್ಲ, ಫೋನ್ ಹೊರಗೆ ಇಟ್ಟು ಬಂದಿರ್ತೀವಿ, ಎಐ ಆ್ಯಪ್ ಸಹಾಯಕ್ಕೆ ಬರೋದಿಲ್ಲ.

ಮೊದಲು ವ್ಯತ್ಯಾಸ ತಿಳ್ಕೊಳ್ಳೋಣ. ಸ್ವಂತ ವಾಕ್ಯದಲ್ಲಿ ಬರೆಯೋದು ಅಂದ್ರೆ ಮೂಲದ ಎಲ್ಲ ವಿಷಯ ಉಳಿಬೇಕು, ಮಾತು ಮಾತ್ರ ನಿಮ್ಮದಾಗಬೇಕು. ಉದ್ದ ಹೆಚ್ಚುಕಡಿಮೆ ಅಷ್ಟೇ ಇರಬಹುದು. ಸಾರಾಂಶದಲ್ಲಿ ಮುಖ್ಯ ವಿಷಯ ಮಾತ್ರ. ಸಾಮಾನ್ಯವಾಗಿ ಮೂಲದ ಮೂರನೇ ಒಂದು ಭಾಗ. ನಾನು ಬಿ.ಕಾಂ ಓದಿದವನು, ನಮ್ಮ ಲೆಕ್ಕದಲ್ಲೇ ಹೇಳ್ತೀನಿ: ಜರ್ನಲ್‌ನಲ್ಲಿ ವರ್ಷದ ಎಲ್ಲ ವ್ಯವಹಾರ ಇರುತ್ತೆ, ಬ್ಯಾಲೆನ್ಸ್ ಶೀಟ್ ಒಂದೇ ಪುಟ. ಆದ್ರೆ ಆ ಒಂದು ಪುಟದಲ್ಲಿ ಲೆಕ್ಕ ತಾಳೆ ಆಗಲೇಬೇಕು.

ಈಗ ಒಂದು ಉದಾಹರಣೆ. ಇದು ನಾನೇ ಪಠ್ಯಪುಸ್ತಕದ ಧಾಟಿಯಲ್ಲಿ ಬರೆದದ್ದು:

"ಬಿದರಿ ಕಲೆಯಲ್ಲಿ ಸತುವು ಅಧಿಕ ಪ್ರಮಾಣದಲ್ಲಿಯೂ ತಾಮ್ರವು ಅಲ್ಪ ಪ್ರಮಾಣದಲ್ಲಿಯೂ ಇರುವ ಮಿಶ್ರಲೋಹವನ್ನು ಎರಕ ಹೊಯ್ದು, ಅದರ ಮೇಲ್ಮೈಯಲ್ಲಿ ಚಿತ್ತಾರವನ್ನು ಕೊರೆದು, ಆ ಗೆರೆಗಳಲ್ಲಿ ಬೆಳ್ಳಿಯನ್ನು ಕೂರಿಸಲಾಗುತ್ತದೆ. ತದನಂತರ ಬೀದರ್ ಕೋಟೆಯ ಮಣ್ಣು ಹಾಗೂ ನವಸಾಗರ ಬೆರೆಸಿದ ಬಿಸಿ ದ್ರಾವಣವು ಲೋಹವನ್ನು ಕಪ್ಪಾಗಿಸುತ್ತದೆ. ಬೆಳ್ಳಿಯು ಹೊಳಪನ್ನು ಉಳಿಸಿಕೊಳ್ಳುತ್ತದೆ."

ಬಹಳ ಜನ ಏನ್ ಮಾಡ್ತಾರೆ? "ಅಧಿಕ" ತೆಗೆದು "ಹೆಚ್ಚು" ಹಾಕ್ತಾರೆ, "ಅಲ್ಪ" ತೆಗೆದು "ಕಡಿಮೆ", "ತದನಂತರ" ಇದ್ದಲ್ಲಿ "ಆಮೇಲೆ". ವಾಕ್ಯದ ಎಲುಬು ಹಾಗೇ ಇರುತ್ತೆ, ಅಂಗಿ ಮಾತ್ರ ಬದಲು. ಬರೆದವರಿಗೆ ವಿಷಯ ಅರ್ಥ ಆಗಿದೆಯೋ ಇಲ್ಲವೋ ಅಂತ ಓದುವವರಿಗೆ ಇದರಿಂದ ಗೊತ್ತಾಗೋದಿಲ್ಲ.

ಅದೇ ವಿಷಯವನ್ನ ಹೀಗೆ ಹೇಳಬಹುದು: "ಬಿದರಿ ವಸ್ತುವಿನ ಕಪ್ಪು ಬಣ್ಣ ಕೊನೆಯ ಹಂತದಲ್ಲಿ ಬರುತ್ತದೆ. ಅದಕ್ಕೂ ಮೊದಲು, ಬಹುಪಾಲು ಸತು ಮತ್ತು ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಮೇಲೆ ಚಿತ್ತಾರ ಕೊರೆದು, ಕೊರೆದ ಜಾಗಕ್ಕೆ ಬೆಳ್ಳಿ ತುಂಬುತ್ತಾರೆ. ಆಮೇಲೆ ನವಸಾಗರ ಮತ್ತು ಬೀದರ್ ಕೋಟೆಯ ಮಣ್ಣಿನ ಬಿಸಿ ದ್ರಾವಣ ತಾಗಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತಲೇ ಇರುತ್ತದೆ." ನೋಡ್ರಿ, ಶುರು ಮಾಡಿದ ಜಾಗವೇ ಬೇರೆ. ವಿಷಯ ಒಂದೂ ಬಿಟ್ಟಿಲ್ಲ.

ಇನ್ನು ಸಾರಾಂಶ: "ಸತು-ತಾಮ್ರದ ಎರಕದಲ್ಲಿ ಬೆಳ್ಳಿ ಕೂರಿಸಿ, ಕೋಟೆ ಮಣ್ಣು ಮತ್ತು ನವಸಾಗರದಿಂದ ಲೋಹವನ್ನಷ್ಟೇ ಕಪ್ಪಾಗಿಸುವುದು ಬಿದರಿ ಕಲೆ." ಇಲ್ಲಿ "ನಮ್ಮ ಹೆಮ್ಮೆಯ ಕಲೆ" ಅಂತ ಸೇರಿಸಬೇಡಿ. ಬಿದರಿಗೆ 2006ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ ಅಂತ ನಿಮಗೆ ಗೊತ್ತಿದ್ರೂ ಬರೆಯಬೇಡಿ. ಮೂಲದಲ್ಲಿ ಇಲ್ಲದ್ದು ಸಾರಾಂಶದಲ್ಲಿ ಬರಬಾರದು.

ಅಭ್ಯಾಸ ಹೇಗೆ? ಪ್ಯಾರಾ ಎರಡು ಸಲ ಓದಿ, ಮುಚ್ಚಿಡಿ. ಗೆಳೆಯರಿಗೆ ವಾಟ್ಸ್ಆ್ಯಪ್ ವಾಯ್ಸ್ ನೋಟ್ ಕಳಿಸಿ: "ಅದರಾಗ ಏನದ ಅಂದ್ರ..." ಅಂತ ಶುರು ಮಾಡಿ. ಮೂಲ ಕಣ್ಣೆದುರು ಇಲ್ಲದಾಗ ಅದರ ವಾಕ್ಯ ಬಾಯಿಗೆ ಬರೋದಿಲ್ಲ, ನಿಮ್ಮದೇ ಬರುತ್ತೆ. ಎಲ್ಲಿ ತಡವರಿಸ್ತೀರೋ ಅಲ್ಲಿ ಅರ್ಥ ಆಗಿಲ್ಲ ಅಂತ ಲೆಕ್ಕ. ಆ ಸಾಲನ್ನ ಮತ್ತೆ ಓದಿ, ಆಮೇಲೆ ಬರೆಯಿರಿ.

ಔರಾದ್ ಕಡೆ ಬಹಳ ಮನೆಗಳಲ್ಲಿ ಮರಾಠಿ, ಬೀದರ್ ಓಣಿಗಳಲ್ಲಿ ಉರ್ದು. ಕನ್ನಡದಲ್ಲಿ ಹೇಳೋದು ಕಷ್ಟ ಆದ್ರೆ ಮೊದಲು ಮನೆ ಮಾತಲ್ಲಿ ಹೇಳಿ, ಆಮೇಲೆ ಕನ್ನಡಕ್ಕೆ ತನ್ನಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಬೇರೆ ಭಾಷೆಯಲ್ಲಿ ಹೇಳಬೇಕಂದ್ರೆ ಮೂಲದ ಪದ ಬಿಟ್ಟು ಅರ್ಥ ಹಿಡೀಲೇಬೇಕಾಗುತ್ತೆ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ, ಒಳಗೆ ಕನ್ನಡ ಕಲಿಸಿದ ಊರು ನಮ್ಮದು. ಎರಡು ಭಾಷೆ ನಡುವೆ ಓಡಾಡೋದು ನಮಗೆ ಹೊಸದಲ್ಲ.

ಕೊನೆಗೆ ಮೂಲದ ಜೊತೆ ತಾಳೆ ನೋಡಿ. ಹೆಸರು, ಅಂಕಿ ಸರಿ ಇದ್ಯಾ? ಅದಕ್ಕಿಂತ ಮುಖ್ಯವಾಗಿ "ಮಾತ್ರ", "ಆದರೆ", "ಹೊರತುಪಡಿಸಿ" ಅನ್ನೋ ಸಣ್ಣ ಪದಗಳು ಉಳಿದಿವೆಯಾ? 371(ಜೆ) ವಿಧಿಯನ್ನೇ ತಗೊಳ್ಳಿ. ನಮ್ಮ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಒಂದು ಪ್ರಮಾಣವನ್ನ, ಹುಟ್ಟಿನಿಂದ ಅಥವಾ ವಾಸದಿಂದ ಈ ಭಾಗಕ್ಕೆ ಸೇರಿದವರಿಗೆ ಮೀಸಲಿಡೋಕೆ ಅದು ಅವಕಾಶ ಕೊಡುತ್ತೆ. ಅದನ್ನ ಯಾರಾದ್ರೂ "ಇಲ್ಲಿನ ನೌಕರಿ ಎಲ್ಲಾ ಇಲ್ಲಿ ಹುಟ್ಟಿದವರಿಗೇ" ಅಂತ ಬರೆದು ಫಾರ್ವರ್ಡ್ ಮಾಡಿದ್ರೆ? "ಒಂದು ಪ್ರಮಾಣ" ಹೋಯ್ತು, "ಅಥವಾ ವಾಸದಿಂದ" ಹೋಯ್ತು. ಬೇರೆ ಕಡೆ ಹುಟ್ಟಿ ಇಲ್ಲೇ ಬೆಳೆದ ಹುಡುಗಿ ಅದನ್ನ ನಂಬಿದ್ರೆ, ತನಗೆ ಅರ್ಹತೆ ಇದೆಯಾ ಅಂತ ವಿಚಾರಿಸೋಕೂ ಹೋಗಲಿಕ್ಕಿಲ್ಲ. ಪರೀಕ್ಷೆಯಲ್ಲಿ ಪದ ಬಿಟ್ಟರೆ ಅಂಕ ಹೋಗುತ್ತೆ, ಇಲ್ಲಿ ಒಬ್ಬರ ಅವಕಾಶವೇ ಹೋಗಬಹುದು.

ಈ ವಾರದ ಕೆಲಸ: ದಿನಾ ಪತ್ರಿಕೆಯ ಒಂದು ಸುದ್ದಿ ಆರಿಸಿ, ಓದಿ, ಮುಚ್ಚಿಟ್ಟು ಮೂರು ವಾಕ್ಯದಲ್ಲಿ ಬರೆಯಿರಿ. ಆಮೇಲೆ ಸುದ್ದಿ ತೆಗೆದು ಸಣ್ಣ ಪದಗಳನ್ನ ತಾಳೆ ನೋಡಿ. ಏಳು ದಿನಕ್ಕೆ ಏಳು ಸಾರಾಂಶ ಆಗುತ್ತೆ. ಮುಂದಿನ ಸಂಚಿಕೆಯಲ್ಲಿ ಭಾಷಾಂತರದ ಬಗ್ಗೆ ಮಾತಾಡೋಣ. ಬರ್ತೀನ್ರಿ, ಶರಣು.